ಪಳಗದ ಜಾಲರಿ

ಸಾರಂದೀ ದೆಲ್ ಯೀ,
೧೯೯೪ರ ಸೆಪ್ಟೆಂಬರ್ ೧೧, ಭಾನುವಾರ ಬೆಳಿಗ್ಗೆ

ನನ್ನ ಮಗಳಂಥ ಮೊಮ್ಮಗಳು ನೊಯೆಲಿಯಾಳಿಗೆ ತಾತನ ತುಂಬು ಪ್ರೀತಿ.

ಹೇಗಿದ್ದೀಯೆ, ಮಗಳೇ? ನಿನಗೆ ಹದಿನೈದು ದಿನವಾದರೂ ಕೆಮ್ಮು ಬಿಟ್ಟಿಲ್ಲವೆಂದು ನಿನ್ನ ಅಮ್ಮ ಹೇಳಿದಳು. ಅಂದಿನಿಂದ ನಿನ್ನ ಅಜ್ಜಿ ದಿನಕ್ಕೆ ನಾಲ್ಕು ಬಾರಿ ಅದೇ ಮಾತೆತ್ತಿ, ನೀನಿರುವ ಪೈಸಂದೂವಿನ ನದಿಗಾಳಿಯನ್ನು ಒಬ್ಬ ಕೆಟ್ಟ ನೆರೆಯವನನ್ನು ಬೈದಂತೆ ಬೈಯುತ್ತಾಳೆ. ಬೇಕರಿಯ ಕೆಲಸಕ್ಕೆ ನಸುಕಿನಲ್ಲಿಯೇ ಏಳುತ್ತೀಯಂತೆ. ಒಲೆಯ ಮುಂದೆ ಬೆವರಿದ ಮೈಯಲ್ಲಿ ಹಾಗೆಯೇ ಹೊರಗಿನ ಚಳಿಗೆ ಬರಬೇಡ. ಕುತ್ತಿಗೆಗೆ ಏನಾದರೂ ಸುತ್ತಿಕೋ. ಚಿಕ್ಕಮ್ಮನ ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದೀಯೋ, ಅಥವಾ ದಿನವಿಡೀ ರೊಟ್ಟಿ ನೋಡಿ ನೋಡಿ ಹಸಿವೇ ಸತ್ತುಹೋಗಿದೆಯೋ? ಇದಕ್ಕೆಲ್ಲ ಉತ್ತರ ಬರೆಯಲೇಬೇಕೆಂಬ ಒತ್ತಾಯವಿಲ್ಲ. ಎರಡು ತಿಂಗಳಿನಿಂದ ನೀನು ನನಗೆ ಬರೆದಿಲ್ಲ. ಏಕೆಂದು ನನಗೆ ಗೊತ್ತು.

ನಾವು ಸುಖವಾಗಿದ್ದೇವೆ. ಅಜ್ಜಿಯ ಮೊಣಕಾಲು ಮಳೆ ಬರುವ ಮುನ್ನಾದಿನ ನೋಯುತ್ತದೆ, ಮಳೆ ಬಂದ ದಿನ ನೋಯುತ್ತದೆ, ಮರುದಿನವೂ ನೋಯುತ್ತದೆ; ಆದರೂ ರೇಡಿಯೋದವರ ಹವಾಮಾನಕ್ಕಿಂತ ತನ್ನ ಮೊಣಕಾಲೇ ಮೇಲೆಂದು ಅವಳ ವಾದ. ಹಿತ್ತಲಿನ ಪೀಚ್ ಮರ ಈ ಸಲ ಚಳಿಗಾಲ ಮುಗಿಯುವ ಮೊದಲೇ ಅವಸರಪಟ್ಟು ಹೂ ಬಿಟ್ಟಿದೆ. ಇನ್ನೊಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ಎಲ್ಲ ಹೋಯಿತು. ನಾನು ಕೈಗಾರಿಕಾ ಶಾಲೆಯ ಕಡೆ ಆಗೀಗ ಹೋಗಿ, ನನ್ನ ಜಾಗಕ್ಕೆ ಬಂದಿರುವ ತರುಣನಿಗೆ ಬೆಸುಗೆಯ ಯಂತ್ರದ ಹಳೆಯ ಹಟಗಳನ್ನು ತಿಳಿಸಿಕೊಟ್ಟು ಬರುತ್ತೇನೆ. ಒಳ್ಳೆಯ ಹುಡುಗ, ಕೇಳುವ ಕಿವಿಯುಳ್ಳವನು. ನೋಡು, ಹೀಗೆ ನಾನು ಸುತ್ತಿ ಬಳಸಿ ನಡೆಯುತ್ತಿದ್ದೇನೆ. ಮೊದಲ ಹಾಳೆ ಮುಗಿಯುತ್ತ ಬಂದರೂ ಜಾಲರಿಯ ಮಾತು ಇನ್ನೂ ಬಂದಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಕಬ್ಬಿಣದ ಕೆಲಸ ಕಲಿಸಿದವನು, "ಅಳತೆಯಿಂದ ಶುರು ಮಾಡಿ, ಅಲಂಕಾರದಿಂದಲ್ಲ" ಎಂದು ಹೇಳುತ್ತಿದ್ದವನು, ತನ್ನ ಸರದಿ ಬಂದಾಗ ಪೀಚ್ ಹೂವಿನಿಂದ ಶುರು ಮಾಡಿದ್ದಾನೆ.

ಮರದ ಚೆಂಡು ಉರುಳಿಸಿ ಆಡುವ ನಮ್ಮ ಬೋಚಾ ಕ್ಲಬ್ಬಿಗೆ ಈ ಜೂನಿನಲ್ಲಿ ಐವತ್ತು ತುಂಬುವುದಿತ್ತು. ಅಂಗಳದ ಇಟ್ಟಿಗೆಯ ಒಲೆಯ ಮೇಲಿದ್ದ, ಮಾಂಸ ಸುಡುವ ಹಳೆಯ ಜಾಲರಿ ಮುದಿ ಕುದುರೆಯ ಬೆನ್ನಿನಂತೆ ನಡುವೆ ಕುಸಿದಿದ್ದರಿಂದ ಹೊಸದೊಂದನ್ನು ಮಾಡಿಕೊಡಬೇಕೆಂದು ಅಧ್ಯಕ್ಷ ಬೌಡಿಲಿಯೋ ನನ್ನಲ್ಲಿಗೆ ಬಂದ. ಮಾಡುತ್ತೇನೆ, ಆದರೆ ಉತ್ಸವದ ದಿನ ಬೆಂಕಿಯ ಉಸ್ತುವಾರಿ ನೊಯೆಲಿಯಾಳದು ಎಂದು ನಾನು ಷರತ್ತು ಹಾಕಿದೆ. ಐವತ್ತು ವರ್ಷಗಳಲ್ಲಿ ಆ ಒಲೆಯ ಮುಂದೆ ಕೆಂಡದ ಸಲಿಕೆ ಹಿಡಿದ ಹೆಣ್ಣು ಒಬ್ಬಳೂ ಇರಲಿಲ್ಲ. ಅಂದು ಲಾರಿ ಓಡಿಸುವ ವಾಲ್ದೆಮಾರ್ ಎಲ್ಲರೆದುರು ಆಡಿದ ಮಾತು ನಿನಗೆ ನೆನಪಿರಬಹುದು: "ಮೇಷ್ಟ್ರೇ, ಹೆಣ್ಮಕ್ಳು ಸಲಾಡ್ ಹೆಚ್ಲಿ. ಬೆಂಕಿ ಹತ್ರ ನಿಂತ್ರೆ ಕೂದ್ಲು ಸುಟ್ಕೋತಾರೆ." ನೀನು ಅವನ ನುಣ್ಣನೆಯ ತಲೆಯನ್ನು ಒಮ್ಮೆ ನೋಡಿ, "ನಿಮ್ಗಾ ಭಯ ಇಲ್ವಲ್ಲ ಮಾಮ, ಅದ್ಕೇ ಇಷ್ಟು ವರ್ಷ ನಿಮ್ಮನ್ನ ನಿಲ್ಸಿದ್ರು" ಎಂದುಬಿಟ್ಟೆ. ಬೌಡಿಲಿಯೋಗೆ ನಕ್ಕು ನಕ್ಕು ಕೆಮ್ಮು ಬಂತು. ಆ ನಗುವಿನಲ್ಲಿಯೇ ನಿನ್ನ ಹೆಸರು ಒಪ್ಪಿಗೆಯಾಯಿತು. ಅಂದು ಮನೆಗೆ ಬರುವಾಗ ನನಗೆ ಆದ ಹೆಮ್ಮೆ, ನನ್ನ ಕೈಕೆಳಗೆ ಕಲಿತ ಮಕ್ಕಳು ಸೇತುವೆ ಕಟ್ಟಲು ಹೋದಾಗಲೂ ಆಗಿರಲಿಲ್ಲ.

ಮಾರ್ಚಿನಲ್ಲಿ ನಾವಿಬ್ಬರೂ ಸೇರಿ ಜಾಲರಿ ಮಾಡಿದೆವು. ಬೆರಳಿನ ದಪ್ಪದ ಉರುಟು ಸರಳುಗಳನ್ನು ಕತ್ತರಿಸಿದವಳು ನೀನು, ಬೆಸೆದವನು ನಾನು, ಅಂಚು ಉಜ್ಜಿ ನುಣುಪು ಮಾಡಿದವಳು ಮತ್ತೆ ನೀನೇ. ಹೊಸ ಕಬ್ಬಿಣ ಮಾಂಸಕ್ಕೆ ಆಗಿಬರುವುದಿಲ್ಲ; ಅದನ್ನು ಪಳಗಿಸಬೇಕು. ಅದಕ್ಕೂ ನಿನಗೆ ನಾನು ಎರಡು ಬಾರಿ ಹೇಳಬೇಕಾಗಲಿಲ್ಲ. ಮೊದಲು ಏನನ್ನೂ ಸವರದೆ ಬರಿ ಬೆಂಕಿಯ ಮೇಲೆ ಕಾಯಿಸಿ ಕಾರ್ಖಾನೆಯ ಎಣ್ಣೆಯನ್ನೂ ಮೇಲಿನ ನೀಲಿ ಪೊರೆಯನ್ನೂ ಸುಟ್ಟು ತೆಗೆದೆ. ತಂತಿಯ ಬ್ರಷ್ಷಿನಿಂದ ಉಜ್ಜಿ, ಹಳೆಯ ಪತ್ರಿಕೆಯ ಉಂಡೆಯಿಂದ ಒರೆಸಿದೆ. ಬಳಿಕ ದನದ ಗಟ್ಟಿ ಕೊಬ್ಬನ್ನು ಬಟ್ಟೆಯಲ್ಲಿ ಕಟ್ಟಿ, ಬಿಸಿ ಸರಳಿನ ಮೇಲೆ ಕನ್ನಡಿಗೆ ಉಸಿರು ಬಿಟ್ಟಷ್ಟು ತೆಳ್ಳಗೆ ಸವರಿದೆ. ಹೊಗೆ ಬಂದು, ಹೊಗೆ ನಿಂತು, ಸರಳು ಕಂದಿ, ಪೂರ್ತಿ ತಣ್ಣಗಾದ ಮೇಲೆಯೇ ಮತ್ತೊಂದು ಲೇಪ. ಹೀಗೆ ಏಳು ಬಾರಿ ಆಗಬೇಕು. ಐದನ್ನು ನೀನೊಬ್ಬಳೇ ಮುಗಿಸಿದೆ. ಆ ಐದು ಲೇಪಗಳಲ್ಲಿ ಒಂದು ಕೂದಲೆಳೆಯ ತಪ್ಪೂ ಇರಲಿಲ್ಲವೆಂದು ನಾನು ಇಂದು, ಬಹಳ ತಡವಾಗಿ, ಬರೆದು ಕೊಡುತ್ತಿದ್ದೇನೆ.

ಉಳಿದೆರಡು ಲೇಪಗಳಿಗೆ ನಾನು ಬಂದೆ. ಜೂನ್ ಹದಿನಾರರ ಗುರುವಾರ, ಉತ್ಸವಕ್ಕೆ ಮೂರೇ ದಿನ. ವಾರವಿಡೀ ಮಳೆ ಹಿಡಿದು ಸೌದೆ ನೆನೆದಿತ್ತು, ಬೆಂಕಿ ಏಳುತ್ತಿರಲಿಲ್ಲ. ಕೊಬ್ಬು ಮುಗಿದಿದ್ದರಿಂದ ನಾನು ನಮ್ಮ ಹಿತ್ತಲ ಕೊಟ್ಟಿಗೆಯಿಂದ ಬೇಸಿಗೆಯಲ್ಲಿ ಕರಗಿಸಿಟ್ಟಿದ್ದ ಕೊಬ್ಬಿನ ಡಬ್ಬಿಯನ್ನು ತಂದಿದ್ದೆ. ಎರಡು ಲೇಪವನ್ನೂ ಒಟ್ಟಿಗೆ ಮುಗಿಸಿಬಿಡೋಣ, ದಪ್ಪಗೆ ಹಚ್ಚು ಎಂದೆ. ನೀನು ಹಚ್ಚಿದೆ, ನಿಂತೆ, ಬೆರಳಿಟ್ಟು ನೋಡಿದೆ. "ತಾತ, ಅಂಟ್ತಾ ಇದೆ. ಕೊಬ್ಬು ಸುಟ್ಟೇ ಇಲ್ಲ, ಸುಮ್ನೆ ಕೂತಿದೆ. ಒಂದ್ಸಲ ಮೂಸಿ ನೋಡು." ನಾನು ಬಗ್ಗಿದೆ. ಕಣ್ಣು ಮುಚ್ಚಿದೆ. ದೀರ್ಘವಾಗಿ ಉಸಿರೆಳೆದುಕೊಂಡೆ. "ಹುರಿದ ಅಕ್ರೋಟದ ವಾಸನೆ. ಸರಿಯಾಗಿ ಪಳಗಿದ ಕಬ್ಬಿಣ ಹೀಗೇ ಇರುತ್ತೆ" ಎಂದೆ. "ನಿಜವಾಗ್ಲೂ? ನಂಗೆ ಹಳೇ ಬಣ್ಣದ ಡಬ್ಬಿ ತೆಗೆದ ಹಾಗೆ ಬರ್ತಿದೆ" ಎಂದೆ ನೀನು. ಅದಕ್ಕೆ ನಾನು ನಗುತ್ತಾ, "ನಿನ್ನ ಮೂಗಿಗೆ ಇನ್ನೂ ವಯಸ್ಸಾಗಿಲ್ಲ" ಎಂದೆ.

ಮಗಳೇ, ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ಅಕ್ರೋಟವೂ ಇಲ್ಲ, ಬಣ್ಣವೂ ಇಲ್ಲ, ಮಳೆಯೂ ಇಲ್ಲ. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ನನಗೆ ಹನ್ನೊಂದು ದಿನ ಜ್ವರ ಬಂದಿತ್ತಲ್ಲ, ಅದು ಇಳಿದು ಹೋಗುವಾಗ ನನ್ನ ಮೂಗನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಅಡುಗೆಮನೆಯಲ್ಲಿ ನನ್ನ ಮೊಳಕೈಯ ಪಕ್ಕದಲ್ಲಿಯೇ ಹಾಲು ಸೀದು ಕರಕಲಾದ ದಿನ ನನಗದು ತಿಳಿಯಿತು. ಏನೋ ಯೋಚಿಸುತ್ತಾ ಕೂತಿದ್ದೆ ಎಂದು ಅಜ್ಜಿಗೆ ಹೇಳಿದೆ. ಯಾರಿಗೂ ಹೇಳಲಿಲ್ಲ. ಈ ಊರಿನಲ್ಲಿ ಯಾರ ಮನೆಯ ಹೊಗೆಯನ್ನು ದೂರದಿಂದ ಮೂಸಿದರೂ ಯಾವ ಮರದ ಸೌದೆ, ಮಾಂಸ ಎಷ್ಟು ಬೆಂದಿದೆ ಎಂದು ಹೇಳಬಲ್ಲವನೆಂದು ನನಗೆ ಹೆಸರಿತ್ತು. ಆ ಹೆಸರನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಕಲಿಯುವವರ ಮುಂದೆ ಕುರುಡನಾಗಿಯಾದರೂ ನಿಲ್ಲಬಹುದು. ಕಾಣುತ್ತದೆಂದು ನಟಿಸುತ್ತಾ ನಿಲ್ಲಬಾರದು. ನಾನು ನಿಂತೆ.

ನೀನು ಸುಮ್ಮನಾಗಲಿಲ್ಲ. ಮರುದಿನ ಶುಕ್ರವಾರ ನಮ್ಮ ಮನೆಯ ಬಾಗಿಲಿಗೆ ಬಂದು, "ತಾತ, ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಎಲ್ಲ ಸುಟ್ಟು ತೆಗೆದ್ಬಿಡೋಣ, ಒಂದು ದಿನ ಸಾಕು, ಒಣ ಸೌದೆ ನಾನು ತರ್ತೀನಿ" ಎಂದು ಬೇಡಿಕೊಂಡೆ. ಹಾಗೆ ಮಾಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಉತ್ಸವಕ್ಕೆ ಎರಡು ದಿನವಿರುವಾಗ ಅಂಗಳದಲ್ಲಿ ಜಾಲರಿ ಧಗಧಗಿಸುವುದನ್ನು ವಾಲ್ದೆಮಾರ್ ನೋಡುತ್ತಾನೆ, ಮೇಷ್ಟ್ರ ಕೆಲಸ ಕೆಟ್ಟಿತು ಎಂದು ಊರೆಲ್ಲ ಹೇಳುತ್ತಾನೆ ಎಂಬ ಒಂದೇ ಹೆದರಿಕೆಗೆ ನಾನು ಬೇಡವೆಂದೆ. ಬರಿ ಬೇಡವೆನ್ನಲಿಲ್ಲ, "ಮೇಷ್ಟ್ರು ನೀನೋ ನಾನೋ?" ಎಂದೆ. ನೀನು ತಲೆ ತಗ್ಗಿಸಿ ಹೋದೆ.

ಹತ್ತೊಂಬತ್ತರ ಭಾನುವಾರದ ವಿಷಯವನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ನಾನು ಕಂಡಂತೆ ಅದನ್ನು ನೀನು ಕೇಳಿಲ್ಲ. ನೂರಾ ಎಂಬತ್ತು ಜನ. ನಮ್ಮ ತಂಡವಿಲ್ಲದ ವಿಶ್ವಕಪ್ಪಿನ ಕಾಲ. ಗಂಡಸರೆಲ್ಲ ಮೊದಲೇ ಮುಖ ಗಂಟಿಕ್ಕಿಕೊಂಡು ಬಂದಿದ್ದರು, ಊಟವಾದರೂ ಚೆನ್ನಾಗಿರಲಿ ಎಂದು. ನೀನು ಬೆಳಿಗ್ಗೆ ಆರಕ್ಕೇ ಬಂದು ಪಕ್ಕದ ಕಬ್ಬಿಣದ ಬುಟ್ಟಿಯಲ್ಲಿ ಸೌದೆ ಉರಿಸಿ, ಉದುರಿದ ಕೆಂಡವನ್ನಷ್ಟೇ ಜಾಲರಿಯ ಕೆಳಗೆ ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತಿದ್ದ ರೀತಿಯನ್ನು ದೂರದಿಂದ ನೋಡುತ್ತಾ ನನ್ನ ಕಣ್ಣು ತೇವವಾಯಿತು. ಪಕ್ಕೆಲುಬಿನ ಮಾಂಸಕ್ಕೆ ಬೇಕಾದ ನಿಧಾನದ, ತಾಳ್ಮೆಯ ಶಾಖ. ಆದರೆ ಆ ನಿಧಾನದ ಶಾಖದಲ್ಲಿಯೇ ಅರೆಸುಟ್ಟು ಕೂತಿದ್ದ ಹಳಸಿದ ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕತೊಡಗಿತು. ಕಹಿ ಹೊಗೆ ಎದ್ದು ನಾಲ್ಕು ಗಂಟೆಗಳ ಕಾಲ ಮಾಂಸಕ್ಕೆ ಹತ್ತಿತು. ಅದು ನನಗೆ ತಿಳಿಯಲಿಲ್ಲ, ನಿನಗೆ ತಿಳಿದಿತ್ತು. ಎರಡು ಬಾರಿ ನೀನು ನನ್ನ ಕಡೆ ನೋಡಿದೆ. ನಾನು ಎರಡು ಬಾರಿಯೂ ಮುಗುಳ್ನಕ್ಕು ತಲೆಯಾಡಿಸಿದೆ.

ಮೊದಲ ತುಂಡನ್ನು ಬಾಯಿಗಿಟ್ಟ ಬೌಡಿಲಿಯೋ ಅಗಿಯುವುದನ್ನು ನಿಲ್ಲಿಸಿದ. ಒಂದು ಮಗು ತಾಯಿಯ ಅಂಗೈಗೆ ಉಗುಳಿತು. ವಾಲ್ದೆಮಾರ್ ಎದ್ದು ನಿಂತು, "ಏನಮ್ಮಾ, ಲಾರಿ ಗ್ರೀಸ್ ಹಚ್ಚಿದ್ಯೇನು? ನಂಗೆ ಹೇಳಿದ್ರೆ ಹೊಸ ಡಬ್ಬೀನೇ ಕೊಡ್ತಿದ್ನಲ್ಲ!" ಎಂದು ಕೂಗಿದಾಗ ಕೆಲವರು ನಕ್ಕರು, ಉಳಿದವರು ತಟ್ಟೆ ನೋಡಿದರು. ಮಾಂಸ ಕರಕಲಾಗಿದ್ದರೂ, ಹಸಿಯಾಗಿದ್ದರೂ ಊಟದ ನಡುವೆ ಯಾರಾದರೊಬ್ಬರು "ಸುಟ್ಟವರಿಗೊಂದು ಚಪ್ಪಾಳೆ!" ಎಂದು ಕೂಗುವುದು, ಎಲ್ಲರೂ ತಟ್ಟುವುದು ನಮ್ಮಲ್ಲಿ ಎಂದೂ ತಪ್ಪಿದ್ದಿಲ್ಲ. ನನ್ನ ಎಪ್ಪತ್ತೊಂದು ವರ್ಷಗಳಲ್ಲಿ ಆ ಕೂಗು ಏಳದ ಊಟ ಅದೊಂದೇ. ಆಗ ನೀನು ನನ್ನ ಕಡೆ ಮೂರನೆಯ ಬಾರಿ ನೋಡಿದೆ. ಆರೋಪದ ನೋಟವಲ್ಲ, ತಾತ ಈಗ ಹೇಳುತ್ತಾನೆ ಎಂಬ ನಂಬಿಕೆಯ ನೋಟ. ನನ್ನ ಕೈಯಲ್ಲಿ ಚಾಕು ಇತ್ತು, ಬಾಯಲ್ಲಿ ನಾಲಿಗೆ ಇತ್ತು. ನಾನು ಹೇಳಿದ್ದು ಇಷ್ಟು: "ಹೊಸ ಕೈ. ಕಲೀತಾಳೆ ಬಿಡಿ."

ಕೇಳಿದವರೆಲ್ಲ ಅದನ್ನು ದೊಡ್ಡ ಮನಸ್ಸಿನ ಮಾತೆಂದುಕೊಂಡರು. ಮೇಷ್ಟ್ರು ಮೊಮ್ಮಗಳ ಬೆನ್ನಿಗೆ ನಿಂತರು ಎಂದರು. ಕಾರ್ಯಾಗಾರದಲ್ಲಿ ಯಾವುದಾದರೂ ಹತ್ಯಾರು ಮುರಿದಾಗ, ಮುರಿದವರು ಕೈಯೆತ್ತಿದರೆ ಶಿಕ್ಷೆಯಿಲ್ಲ, ಎತ್ತದಿದ್ದರೆ ಮಾತ್ರ ಉಂಟು ಎಂದು ಮೂವತ್ತೊಂದು ವರ್ಷ ಹೇಳಿಕೊಂಡು ಬಂದವನು ನಾನು. ಹದಿಮೂರು ವರ್ಷದ ಮಕ್ಕಳು ನಡುಗುತ್ತಾ ಕೈಯೆತ್ತುತ್ತಿದ್ದರು. ನಾನು ಎತ್ತಲಿಲ್ಲ, ನಿನ್ನ ಕೈಯನ್ನು ಹಿಡಿದು ಎತ್ತಿಸಿದೆ. ನೀನು ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಸೌದೆಯ ರಾಶಿಯ ಮೇಲಿಟ್ಟು ಹೋದೆ. ಡಬ್ಬಿ ತಾತನದು, ಆಜ್ಞೆ ತಾತನದು ಎಂದು ನೀನು ಒಬ್ಬರ ಹತ್ತಿರವೂ ಹೇಳಲಿಲ್ಲ. ಮರುವಾರ ಸಮಿತಿಯವರು ಬೆಂಕಿಯ ಉಸ್ತುವಾರಿಯಿಂದ ನಿನ್ನ ಹೆಸರು ತೆಗೆದು ವಾಲ್ದೆಮಾರನ ಹೆಸರು ಹಾಕಿದರು. ಜುಲೈಯಲ್ಲಿ ನೀನು ಪೈಸಂದೂವಿನ ಬಸ್ಸು ಹತ್ತಿದೆ.

ನಾನು ಪ್ರಯತ್ನಪಡಲಿಲ್ಲವೆಂದು ತಿಳಿಯಬೇಡ. ಪ್ರಯತ್ನವನ್ನು ಕೇಳಿದರೆ ನಿನಗೆ ಇನ್ನಷ್ಟು ಬೇಸರವಾಗುತ್ತದೆ. ಜುಲೈ ಕೊನೆಯ ಸಭೆಯಲ್ಲಿ "ನಾನೊಂದು ಮಾತು ಹೇಳಬೇಕು" ಎಂದು ಎದ್ದು ನಿಂತೆ. ಮೂವತ್ತು ಮುಖಗಳು ತಿರುಗಿದವು. ಚಾವಣಿಯ ಮಳೆನೀರಿನ ದೋಣಿ ತುಕ್ಕು ಹಿಡಿದು ಸೋರುತ್ತಿದೆ, ದುರಸ್ತಿಯಾಗಬೇಕು ಎಂದು ಹೇಳಿ ಕುಳಿತೆ. ಬೌಡಿಲಿಯೋ ನನಗೆ ವಂದನೆ ಹೇಳಿದ. ಎಲ್ಲರೂ ಒಪ್ಪಿದರು. ದೋಣಿ ಈಗ ಹೊಸದಾಗಿದೆ.

ಮನೆಯಲ್ಲಿ ಸಿಕ್ಕಿಬಿದ್ದದ್ದು ಆಗಸ್ಟಿನಲ್ಲಿ. ನಿನ್ನ ಅಜ್ಜಿ ಸೆಲ್ಮಿರಾ ಎಷ್ಟು ಸದ್ದಿಲ್ಲದವಳೋ ಅಷ್ಟೇ ಚಾಣಾಕ್ಷಳು. ಒಂದು ಸಂಜೆ ಹೊಲಿಗೆಯಿಂದ ತಲೆಯೆತ್ತದೆ, "ಮುದುಕಾ, ಮಲ್ಲಿಗೆ ಕುಂಡ ನಿನ್ನ ತಲೆದೆಸೆಯಲ್ಲಿಟ್ಟು ಇವತ್ತಿಗೆ ಮೂರು ದಿನ. ಮಂಚದ ಕೆಳಗೆ ಪೂರ್ತಿ ಅರಳಿದೆ. ಮಲ್ಲಿಗೆ ಅಂದ್ರೆ ನಿಂಗೆ ತಲೆ ಸಿಡಿಯುತ್ತೆ ಅಂತ ನಮ್ಮ ಮದ್ವೇಲೂ ನಂಗೆ ಹೂ ಮುಡ್ಯೋಕೆ ಬಿಟ್ಟಿರ್ಲಿಲ್ಲ" ಎಂದಳು. "ಮೂಗು ಯಾವಾಗಿಂದ ಇಲ್ಲ?" ಎಂದಳು. ಹೇಳಿದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಬಹಳ ಹೊತ್ತು ಲೆಕ್ಕ ಹಾಕಿದಳು. ಜ್ವರ, ಹಾಲು, ಡಬ್ಬಿ, ಜೂನ್. ಕೊನೆಗೆ, "ಮೂಗಿಲ್ಲ ಅಂತ ಯಾಕೆ ನಾಚ್ಕೋತೀಯ, ಅದೇನು ನೀನು ಬೇಕಂತ ಕಳ್ಕೊಂಡಿದ್ದಲ್ಲ. ಆ ಮಗು ಅಲ್ಲಿ ಒಬ್ಬಳೇ ನಿಂತಿದ್ಲಲ್ಲ, ಅದಕ್ಕೆ ನಾಚ್ಕೋ" ಎಂದು ಒಳಗೆ ಹೋದಳು. ಎರಡು ದಿನ ನನ್ನೊಡನೆ ಯೆರ್ಬಾ ಸೊಪ್ಪಿನ ಕಷಾಯವನ್ನು ಹಂಚಿಕೊಂಡು ಕುಡಿಯಲಿಲ್ಲ. ನಲವತ್ತಾರು ವರ್ಷಗಳಲ್ಲಿ ಅದೇ ಮೊದಲು.

ಮಾತಿನಲ್ಲಿ ಆಗದ್ದನ್ನು ಕೈಯಿಂದ ಮಾಡುತ್ತೇನೆಂದು ನಾನು ಜಾಲರಿಯ ಕಡೆ ಹೋದೆ. ವಾಸನೆ ಹೋಗಲೆಂದು ಯಾರೋ ಕಾಸ್ಟಿಕ್ ಸೋಡ ಸುರಿದು ತೊಳೆದಿದ್ದರು. ನಿನ್ನ ಐದು ಲೇಪಗಳೂ ಕೊಚ್ಚಿಹೋಗಿ, ಬೆತ್ತಲೆ ಕಬ್ಬಿಣ ಮಳೆಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಕೆಳಗೆ ಬೂದಿಯನ್ನು ತೆಗೆದಿರಲಿಲ್ಲ. ಬೂದಿ ತೇವ ಹಿಡಿದು ಜಾಲರಿಯ ಕಾಲುಗಳನ್ನು ತಿನ್ನತೊಡಗಿತ್ತು. ನಾನು ದಿನವೂ ಮಧ್ಯಾಹ್ನ, ಕ್ಲಬ್ಬಿನಲ್ಲಿ ಯಾರೂ ಇಲ್ಲದ ವೇಳೆಯಲ್ಲಿ ಹೋಗಿ ಮೊದಲಿನಿಂದ ಶುರು ಮಾಡಿದೆ. ಮೂಗಿಲ್ಲದೆ ಪಳಗಿಸುವುದು ಹೇಗೆಂದು ಈ ವಯಸ್ಸಿನಲ್ಲಿ ಕಲಿತೆ, ನಿನಗೂ ಹೇಳುತ್ತೇನೆ, ಕೇಳು. ಹೊಗೆ ಬೆಳ್ಳಗಿರುವವರೆಗೆ ಕೊಬ್ಬು ಇನ್ನೂ ಹಸಿ. ತೆಳ್ಳಗೆ, ನೀಲಿಯಾಗಿ, ಆಮೇಲೆ ಕಾಣದಂತಾದರೆ ಅದು ಕಬ್ಬಿಣಕ್ಕೆ ಹಿಡಿದಿದೆ. ತಣ್ಣಗಾದ ಸರಳಿನ ಮೇಲೆ ಹೆಬ್ಬೆರಳನ್ನೊತ್ತಿ ಎತ್ತಿದರೆ ಚರ್ಮ ಅಂಟಿಕೊಳ್ಳಬಾರದು. ಪತ್ರಿಕೆಯಿಂದ ಒರೆಸಿದರೆ ಕಂದು ಬರಬಾರದು, ನಸುಬೂದು ಮಾತ್ರ. ಹೊಸ ಲೇಪಕ್ಕೆ ಹೊಸ ಕೊಬ್ಬು, ಅಂದಂದೇ ಕರಗಿಸಿದ್ದು. ಇದರಲ್ಲಿ ಒಂದಕ್ಕೂ ಮೂಗು ಬೇಕಾಗಿಲ್ಲ, ನೊಯೆಲಿಯಾ. ಅಂದು ನೀನು ಬೆರಳಿಟ್ಟು "ಅಂಟ್ತಾ ಇದೆ" ಎಂದಾಗಲೇ ಪರೀಕ್ಷೆ ಮುಗಿದಿತ್ತು. ಉಳಿದದ್ದು ನನ್ನ ನಾಟಕ.

ಈ ದುರಸ್ತಿ ನನ್ನನ್ನು ಇನ್ನೂ ಆಳಕ್ಕೆ ಇಳಿಸಿತು. ಕಳೆದ ಭಾನುವಾರ ಹನ್ನೆರಡು ಜನ ಸೇರಿ ಜಾಲರಿಯ ಮೇಲೆ ಮಾಂಸವಿಟ್ಟು ನೋಡಿದರು. ಮಾಂಸ ಅಂಟಲಿಲ್ಲ, ಕಹಿಯಾಗಲಿಲ್ಲ. ವಾಲ್ದೆಮಾರ್ ನನ್ನ ಭುಜ ತಟ್ಟಿ, "ಮೇಷ್ಟ್ರ ಕೈ ಅಂದ್ರೆ ಮೇಷ್ಟ್ರ ಕೈಯೇ. ಹುಡುಗಿ ಹಾಳ್ಮಾಡಿದ್ದನ್ನ ಮತ್ತೆ ಮನುಷ್ಯರು ತಿನ್ನೋ ಹಾಗೆ ಮಾಡಿದ್ರಿ ನೋಡಿ" ಎಂದ. ನಾನು "ಹೌದು" ಎನ್ನಲಿಲ್ಲ, "ಅಲ್ಲ" ಎಂದೂ ಅನ್ನಲಿಲ್ಲ. ಆಗ ಯಾರೋ ಆ ಕೂಗು ಹಾಕಿದರು, ಜೂನಿನಲ್ಲಿ ನಿನಗೆ ಏಳದೆ ಹೋದ ಕೂಗು. ಹನ್ನೆರಡು ಜೊತೆ ಕೈಗಳು ನನಗಾಗಿ ತಟ್ಟಿದವು. ನಾನು, ದೇವರು ನೋಡುತ್ತಿದ್ದಾನೆ, ಟೋಪಿ ತೆಗೆದೆ. ಒಂದು ವಾರ ಕಾಗದದ ಮುಂದೆ ಕುಳಿತು ಎದ್ದೆ. ಇಂದು ಬರೆಯುತ್ತಿದ್ದೇನೆ.

ನಿನ್ನಿಂದ ಕ್ಷಮೆ ಕೇಳುವ ಹಕ್ಕು ನನಗೆ ಇನ್ನೂ ಬಂದಿಲ್ಲ. ನಿಜ ನಿನಗೆ ಮೊದಲಿನಿಂದಲೂ ಗೊತ್ತು. ನಿನ್ನೊಬ್ಬಳಿಗೆ ಮಾತ್ರ ತಪ್ಪೊಪ್ಪಿಕೊಂಡರೆ ಅದು ನನಗೆ ಸುಲಭವೇ ಹೊರತು ನಿನಗೆ ಲಾಭವಲ್ಲ. ತಿಳಿಯಬೇಕಾದವರು ಕ್ಲಬ್ಬಿನವರು. ಬರುವ ಶನಿವಾರದ ಸಭೆಯಲ್ಲಿ ಎಲ್ಲರೆದುರು ಹೇಳಲು ನಿಶ್ಚಯಿಸಿದ್ದೇನೆ. ಇದನ್ನು ಓದಿ ತೋರಿಸಿದಾಗ ನಿನ್ನ ಅಜ್ಜಿ, "ಶನಿವಾರಾನಾ? ಈ ಸಲ ಗೋಡೆ ಬಗ್ಗೆ ಮಾತಾಡ್ತೀಯಾ?" ಎಂದಳು.

ಒಂದು ಮಾತು ಮಾತ್ರ ನಂಬು, ಅದನ್ನು ತಾತನಾಗಿ ಅಲ್ಲ, ಕಲಿಸುವ ಕಸುಬಿನಲ್ಲಿ ಆಯುಷ್ಯ ಕಳೆದವನಾಗಿ ಹೇಳುತ್ತಿದ್ದೇನೆ. ಬೆಂಕಿಯನ್ನು ಅವಸರಪಡಿಸದವರು ನೂರಕ್ಕೆ ಒಬ್ಬರು ಸಿಗುತ್ತಾರೆ. ತಮ್ಮ ಕೈ ಹೇಳಿದ್ದನ್ನು ಮೇಷ್ಟ್ರ ಮಾತಿಗಿಂತ ಮೇಲೆಂದು ಹೇಳುವ ಧೈರ್ಯವುಳ್ಳವರು ಇನ್ನೂ ಅಪರೂಪ. ನಿನ್ನಲ್ಲಿ ಎರಡೂ ಇವೆ. ರೊಟ್ಟಿಯ ಒಲೆಯ ಮುಂದಾಗಲಿ, ಮತ್ತಾವ ಒಲೆಯ ಮುಂದಾಗಲಿ, ಅವನ್ನು ಬಿಟ್ಟುಕೊಡಬೇಡ. ಮುಂದೆ ಯಾವ ಮುದುಕನಾದರೂ ಕಣ್ಣು ಮುಚ್ಚಿ ಮೂಸಿ "ಸರಿಯಾಗಿದೆ" ಎಂದರೆ, ಇನ್ನೊಮ್ಮೆ ಬೆರಳಿಟ್ಟು ನೋಡು.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಅಜ್ಜಿ ಪ್ರತ್ಯೇಕವಾಗಿ ಉಣ್ಣೆಯ ಕಾಲುಚೀಲ ಕಳಿಸುತ್ತಾಳಂತೆ. ನಿನ್ನ ಕೆಮ್ಮು ಬೇಗ ಇಳಿಯಲಿ, ನಿನ್ನ ಮುಂದೆ ಉರಿಯುವ ಬೆಂಕಿಗಳೆಲ್ಲ ನಿನ್ನ ಮಾತು ಕೇಳಲಿ.

ನಾಚಿಕೆಯಿಂದ, ಆದರೆ ಮೊದಲಿಗಿಂತ ಒಂದಿಷ್ಟೂ ಕಡಿಮೆಯಾಗದ ಪ್ರೀತಿಯಿಂದ,
ನಿನ್ನ ತಾತ
ಎವಾರಿಸ್ತೋ

ಮತ್ತೆ: ಇದನ್ನು ಬಸ್ ನಿಲ್ದಾಣದ ಗೋಡೆಗೆ ಹಾಳೆಯನ್ನೊತ್ತಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೇಸರಪಡಬೇಡ. ಲಕೋಟೆ ಹರಿದಿರುವುದು ನನ್ನಿಂದಲೇ. ಈ ಕಾಗದ ಒಯ್ಯಬೇಕಾದ ದುರಾಸ್ನೋವಿನ ಬಸ್ಸು ನಲವತ್ತು ನಿಮಿಷ ತಡವೆಂದರು. ಎದುರಿಗೇ ಕ್ಲಬ್ಬು, ಮರದ ಕೆಳಗೆ ಇಸ್ಪೀಟು ಮೇಜು, ಎಲ್ಲರೂ ಇದ್ದರು. ನನಗೆ ಮಾತಾಡಲು ಬಾರದು, ಓದಲು ಬರುತ್ತದಲ್ಲ ಎಂದು ಹೊಳೆಯಿತು. ರಸ್ತೆ ದಾಟಿ, ಲಕೋಟೆ ಹರಿದು, ನಿಂತುಕೊಂಡೇ "ಜೂನ್ ಹದಿನಾರರ ಗುರುವಾರ" ಎಂಬಲ್ಲಿಂದ ನಾನು ಟೋಪಿ ತೆಗೆದಲ್ಲಿಯವರೆಗೂ ಓದಿದೆ. ಬೌಡಿಲಿಯೋಗೆ ಕಿವಿ ಮಂದ. "ಕೇಳಿಸ್ಲಿಲ್ಲ, ಇನ್ನೊಂದ್ಸಲ ಓದು" ಎಂದ. ಎರಡು ಸಲ ಓದಿದೆ ಮಗಳೇ, ಎರಡನೆಯ ಸಲ ಗಟ್ಟಿಯಾಗಿ. ವಾಲ್ದೆಮಾರ್ ಇಸ್ಪೀಟೆಲೆಗಳನ್ನು ಕೆಳಗಿಟ್ಟು, "ಅಂದ್ರೆ ಮೂರು ತಿಂಗ್ಳಿಂದ ನಾನು ಆ ಹುಡುಗೀನ ಆಡ್ಕೊಂಡು ನಗ್ತಿದ್ದೆ, ನೀವು ಪಕ್ಕದಲ್ಲೇ ಕೂತು ಕೇಳ್ತಿದ್ರಿ?" ಎಂದ. ಹೌದು ಎಂದೆ. ನನ್ನ ಕೈ ಕುಲುಕದೆ ಲಾರಿ ಹತ್ತಿ ಹೋದ. ಅದು ನನಗೆ ಸಲ್ಲಬೇಕಾದ್ದೇ. ಬೌಡಿಲಿಯೋ ಈಗ ನನ್ನ ಹಿಂದೆಯೇ ರಸ್ತೆ ದಾಟಿ ಬಂದು ನಿಂತಿದ್ದಾನೆ, ನಿನ್ನ ವಿಳಾಸ ಕೇಳುತ್ತಿದ್ದಾನೆ. ಸಮಿತಿಯವರೆಲ್ಲ ರುಜು ಹಾಕಿ ನಿನಗೆ ಬರೆಯಬೇಕಂತೆ, ಬೆಂಕಿಯ ಉಸ್ತುವಾರಿಗೆ ಮತ್ತೆ ನಿನ್ನನ್ನು ಕೇಳಬೇಕಂತೆ. ನಾನು ಕೊಟ್ಟಿಲ್ಲ. ನಿನ್ನ ಪರವಾಗಿ ಒಮ್ಮೆ ಮಾತಾಡಿ ನಿನ್ನನ್ನು ಹಾಳುಮಾಡಿದ್ದೇನೆ. ಇನ್ನು ಕೇಳದೆ ಮಾತಾಡುವುದಿಲ್ಲ. ಬಸ್ಸು ಹಾರ್ನ್ ಹೊಡೆಯುತ್ತಿದೆ. ಬೇರೇನೂ ಬರೆಯಬೇಕಾಗಿಲ್ಲ, ಒಂದೇ ಪದ ಸಾಕು: ವಿಳಾಸ ಕೊಡಲೋ, ಬೇಡವೋ?